ಹೊಸ ಬಡಾವಣೆಯಲ್ಲಿ ಒಳ್ಳೆಯ ಕಾಫಿ ಹುಡುಕುವುದು ಹೇಗೆ: ಹಂತ ಹಂತವಾಗಿ

ಬೆಂಗಳೂರಿನ ಹೊರಗಿನ ಬಡಾವಣೆಗಳಿಗೆ ಮನೆ ಬದಲಾಯಿಸಿದವರ ಬಾಯಲ್ಲಿ ಮೇಲಿಂದ ಮೇಲೆ ಬರುವ ಮಾತೊಂದಿದೆ: ‘ಎಲ್ಲ ಅನುಕೂಲ ಇದೆ, ಒಂದು ಒಳ್ಳೆ ಕಾಫಿ ಮಾತ್ರ ಸಿಗಲ್ಲ.’ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳಲ್ಲಿ ಬೆಳೆದವರನ್ನು ಈ ಕೊರತೆ ಇನ್ನೂ ಜಾಸ್ತಿ ಕಾಡುತ್ತದೆ. ಅಲ್ಲಿ ಯಾರೂ ಕಾಫಿ ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ. ಯಾವ ಹೋಟೆಲಿನ ಕಾಫಿ ಹೇಗೆ, ಯಾವ ಅಂಗಡಿಯ ಪುಡಿ ಹೇಗೆ ಎಂಬುದು ಮನೆಮಂದಿಯ ಮಾತಿನಲ್ಲೇ ಕಿವಿಗೆ ಬಿದ್ದಿರುತ್ತಿತ್ತು. ಹೊಸ ಬಡಾವಣೆಯಲ್ಲಿ ಪಕ್ಕದ ಮನೆಯವರೂ ನಮ್ಮಷ್ಟೇ ಹೊಸಬರು.

ಈ ತಿಳಿವಳಿಕೆಯನ್ನು ನಾವೇ ಸಂಪಾದಿಸಿಕೊಳ್ಳಬಹುದು. ಅದಕ್ಕೆ ಬೇಕಾದದ್ದು ಒಂದು ತಿಂಗಳಿನ ಬಿಡುವಿನ ಹೊತ್ತು, ಸ್ವಲ್ಪ ಓಡಾಟ, ಕೇಳುವುದಕ್ಕೆ ಹಿಂಜರಿಯದ ಮನಸ್ಸು. ಮೊಬೈಲಿನ ಸ್ಟಾರುಗಳಿಂದ ಸಿಗುವ ಸಹಾಯ ಕಡಿಮೆ. ಜನ ಸ್ಟಾರು ಕೊಡುವುದು ದೋಸೆಗೆ, ಪಾರ್ಕಿಂಗಿಗೆ, ಗೋಡೆಯ ಅಲಂಕಾರಕ್ಕೆ, ಬಿಲ್ಲಿನ ಮೊತ್ತಕ್ಕೆ. ಆ ಲೆಕ್ಕದಲ್ಲಿ ಕಾಫಿಯ ಪಾಲೆಷ್ಟು ಎಂದು ತಿಳಿಯುವುದಿಲ್ಲ. ಕಾಫಿಯ ರುಚಿಯನ್ನು ಹೆಚ್ಚುಕಡಿಮೆ ತೀರ್ಮಾನಿಸುವ ಪ್ರಶ್ನೆಗಳು ಎರಡು: ಬೀಜ ಯಾವಾಗ ಹುರಿದದ್ದು? ಡಿಕಾಕ್ಷನ್ ಯಾವಾಗ ಇಳಿಸಿದ್ದು? ಕೆಳಗಿನ ಹಂತಗಳೆಲ್ಲ ಈ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕುವ ದಾರಿಗಳು.

ಉದಾಹರಣೆಗೆ ರಾಜರಾಜೇಶ್ವರಿ ನಗರವನ್ನು ಇಟ್ಟುಕೊಳ್ಳೋಣ. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರುವವರೆಗೆ ಇದಕ್ಕೆ ತನ್ನದೇ ನಗರಸಭೆ ಇತ್ತು. 2021ರ ಆಗಸ್ಟಿನಲ್ಲಿ ಕೆಂಗೇರಿಯವರೆಗೆ ಬಂದ ನೇರಳೆ ಮಾರ್ಗದ ಮೆಟ್ರೊ ಇದನ್ನು ಊರಿನ ನಡುವಿಗೆ ಇನ್ನಷ್ಟು ಹತ್ತಿರ ಮಾಡಿತು. ಇಲ್ಲಿ ಹೇಳುವ ಕ್ರಮ ಯಲಹಂಕ ಉಪನಗರಕ್ಕೂ ವಿದ್ಯಾರಣ್ಯಪುರಕ್ಕೂ ಮೈಸೂರಿನ ಬೋಗಾದಿಗೂ ಹೊಂದುತ್ತದೆ.

ಹಂತ 1: ಲೋಟದಲ್ಲಿ ಏನೇನಿದೆ ಎಂದು ತಿಳಿದುಕೊಳ್ಳಿ

ದೇಶದಲ್ಲಿ ಬೆಳೆಯುವ ಕಾಫಿಯಲ್ಲಿ ಸುಮಾರು ಶೇ. 70ರಷ್ಟು ಕರ್ನಾಟಕದ್ದು. ಕೊಡಗು, ಚಿಕ್ಕಮಗಳೂರು, ಹಾಸನದ ತೋಟಗಳಿಂದ ಬೀಜ ಬೆಂಗಳೂರು ತಲುಪಲು ಒಂದು ದಿನ ಸಾಕು. ಹೀಗಿದ್ದೂ ಲೋಟದಲ್ಲಿ ಏನಿದೆ ಎಂಬುದನ್ನು ಬಹಳ ಜನ ಗಮನಿಸುವುದಿಲ್ಲ. ಮೂರು ಹೆಸರು ಗೊತ್ತಿದ್ದರೆ ಮುಂದಿನ ಹಂತಗಳೆಲ್ಲ ಸಲೀಸು.

ಅರೇಬಿಕಾ: ಕಾಫಿಗೆ ಘಮ ಕೊಡುವುದು ಇದು. ರುಚಿಯಲ್ಲಿ ನವಿರಾದ ಹುಳಿ ಇರುತ್ತದೆ. ಪುಡಿ ಅಂಗಡಿಗಳಲ್ಲಿ ‘ಪ್ಲಾಂಟೇಷನ್ ಎ’ ಎಂದು ಬರೆದಿದ್ದರೆ ಅದು ತೊಳೆದು ಸಂಸ್ಕರಿಸಿದ ಅರೇಬಿಕಾ.

ರೋಬಸ್ಟಾ: ಕಾಫಿ ಗಟ್ಟಿಯಾಗಿ, ಖಡಕ್ಕಾಗಿ ಬರುವುದು ಇದರಿಂದ. ಕಹಿ ಹೆಚ್ಚು. ಕೆಫೀನ್ ಅರೇಬಿಕಾದ ಸುಮಾರು ಎರಡರಷ್ಟು. ಹಾಲು ಹಾಕಿದ ಮೇಲೂ ಕಾಫಿಯ ರುಚಿ ಮುಳುಗದೆ ನಿಲ್ಲಬೇಕಾದರೆ ಸ್ವಲ್ಪ ರೋಬಸ್ಟಾ ಇದ್ದರೆ ಒಳ್ಳೆಯದು.

ಚಿಕೋರಿ: ಇದು ಕಾಫಿಯಲ್ಲ, ಬೇರೊಂದು ಗಿಡದ ಬೇರು. ಒಣಗಿಸಿ, ಹುರಿದು, ಪುಡಿ ಮಾಡಿ ಬೆರೆಸುತ್ತಾರೆ. ಕೆಫೀನ್ ಇರುವುದಿಲ್ಲ. ಡಿಕಾಕ್ಷನ್ನಿಗೆ ಕಡುಬಣ್ಣ, ಮಂದ, ಒಂದು ಬಗೆಯ ಸಿಹಿಗಹಿ ಕೊಡುತ್ತದೆ. ಹಿತಮಿತವಾಗಿದ್ದರೆ ಚಿಕೋರಿಯಲ್ಲಿ ಯಾವ ದೋಷವೂ ಇಲ್ಲ. ನಮ್ಮ ಅನೇಕ ಮನೆಗಳ ಕಾಫಿಯ ರುಚಿಯಲ್ಲಿ ಅದರ ಪಾಲಿದೆ. ಅಳತೆ ಮೀರಿದರೆ ಕಾಫಿಯ ಘಮ ಅಡಗಿ, ಬರೀ ಬಣ್ಣ ಮತ್ತು ಮಂದ ಉಳಿಯುತ್ತದೆ.

ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ಕನಿಷ್ಠ ಶೇ. 51 ಇರಲೇಬೇಕು, ಎರಡರ ಪ್ರಮಾಣವನ್ನೂ ಪ್ಯಾಕೆಟ್ ಮೇಲೆ ನಮೂದಿಸಬೇಕು ಎಂಬುದು ನಮ್ಮ ಆಹಾರ ಸುರಕ್ಷತಾ ನಿಯಮ. ಈಗಲೇ ಅಡುಗೆಮನೆಗೆ ಹೋಗಿ ನಿಮ್ಮ ಪ್ಯಾಕೆಟ್ ತಿರುಗಿಸಿ ಓದಿ. ಇಷ್ಟು ದಿನ ನೀವು ಕುಡಿದದ್ದು 85-15ರ ಕಾಫಿಯೋ 60-40ರದೋ ಎಂಬುದು ಗೊತ್ತಾದರೆ ನಿಮ್ಮ ರುಚಿ ಎಲ್ಲಿದೆ ಎಂಬ ಅಂದಾಜು ಸಿಗುತ್ತದೆ.

ಹಂತ 2: ನಾಲಿಗೆಗೆ ಒಂದು ಅಳತೆ ಕೊಡಿ

ಒಳ್ಳೆಯದು ಯಾವುದು ಎಂಬ ಅಳತೆ ಇಲ್ಲದೆ ಹುಡುಕಲು ಹೊರಟರೆ ಸಿಕ್ಕಿದ್ದೆಲ್ಲ ಪರವಾಗಿಲ್ಲ ಅನ್ನಿಸುತ್ತದೆ, ಇಲ್ಲವೇ ಯಾವುದೂ ಹಿಡಿಸುವುದಿಲ್ಲ. ಹಾಗಾಗಿ ಒಂದು ಭಾನುವಾರ ಬೆಳಗ್ಗೆ ಹಳೆಯ ಬೆಂಗಳೂರಿಗೆ ಹೋಗಿ ಬನ್ನಿ. ರಾಜರಾಜೇಶ್ವರಿ ನಗರದಿಂದ ಮೆಟ್ರೊ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ, ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಇಳಿದರೆ ಆಯಿತು. ಶಂಕರಪುರದಲ್ಲಿ 1965ರಿಂದ ನಡೆಯುತ್ತಿರುವ ಬ್ರಾಹ್ಮಿನ್ಸ್ ಕಾಫಿ ಬಾರ್, ಗಾಂಧಿ ಬಜಾರಿನಲ್ಲಿ 1943ರಲ್ಲಿ ಶುರುವಾದ ವಿದ್ಯಾರ್ಥಿ ಭವನ, 1924ರಲ್ಲಿ ಆರಂಭವಾಗಿ ಈಗ ಲಾಲ್‌ಬಾಗ್ ರಸ್ತೆಯಲ್ಲಿರುವ ಎಂಟಿಆರ್. ಈ ಮೂರರಲ್ಲಿ ಎರಡು ಕಡೆಯಾದರೂ ಕಾಫಿ ಕುಡಿಯಿರಿ.

ಕುಡಿಯುವಾಗ ನಾಲ್ಕು ಅಂಶ ಗಮನಿಸಿ. ಲೋಟ ಮೂಗಿನ ಹತ್ತಿರ ಬಂದಾಗ ಘಮ ಹೇಗಿದೆ? ಮೊದಲ ಗುಟುಕಿನಲ್ಲಿ ಮುಂದೆ ಬರುವುದು ಕಹಿಯೋ, ಹಾಲೋ, ಸಕ್ಕರೆಯೋ? ನಾಲಿಗೆಯ ಮೇಲೆ ಮಂದವಾಗಿದೆಯೋ ನೀರಾಗಿದೆಯೋ? ಕುಡಿದು ಐದು ನಿಮಿಷದ ಮೇಲೆ ಬಾಯಲ್ಲಿ ಉಳಿದದ್ದು ಹಿತವೋ, ಕಮಟೋ? ಕೊನೆಯ ಪ್ರಶ್ನೆಗೆ ಹೆಚ್ಚು ತೂಕ ಕೊಡಿ. ಬಿಸಿ ಮತ್ತು ಸಕ್ಕರೆ ಎಂಥ ಕಾಫಿಯ ತಪ್ಪನ್ನಾದರೂ ಐದು ನಿಮಿಷ ಮುಚ್ಚಿಡಬಲ್ಲವು, ಅದಕ್ಕಿಂತ ಹೆಚ್ಚು ಹೊತ್ತು ಸಾಧ್ಯವಿಲ್ಲ.

ಹಂತ 3: ನಡೆದು ಬಡಾವಣೆಯ ನಕ್ಷೆ ಮಾಡಿಕೊಳ್ಳಿ

ಬಡಾವಣೆಗಳಲ್ಲಿ ಅಂಗಡಿಗಳು ಚದುರಿರುತ್ತವೆ. ಕಾರಿನಲ್ಲೋ ಸ್ಕೂಟರಿನಲ್ಲೋ ಹೋದರೆ ದೊಡ್ಡ ಬೋರ್ಡುಗಳು ಮಾತ್ರ ಕಾಣುತ್ತವೆ. ಒಳ್ಳೆಯ ಕಾಫಿ ಎಷ್ಟೋ ಸಲ ಸಣ್ಣ ಬೋರ್ಡಿನ ಕೆಳಗೆ, ಅಡ್ಡರಸ್ತೆಯ ಮೂಲೆಯಲ್ಲಿರುತ್ತದೆ. ನಡೆಯಿರಿ.

ಎಲ್ಲ ಕಡೆ ಅಲೆಯಬೇಕಿಲ್ಲ. ದಿನವೂ ಅದೇ ಜನ ನಡೆದು ಬರುವ ಜಾಗಗಳನ್ನು ಗುರುತಿಸಿ: ಉದ್ಯಾನದ ಗೇಟು, ದೇವಸ್ಥಾನದ ಬೀದಿ, ಬಸ್ ನಿಲ್ದಾಣ, ಮೆಟ್ರೊ ಮೆಟ್ಟಿಲು, ತರಕಾರಿ ಸಾಲು, ಕಾಲೇಜಿನ ಎದುರು. ರಾಜರಾಜೇಶ್ವರಿ ನಗರದಲ್ಲಾದರೆ ಮೈಸೂರು ರಸ್ತೆಯ ಆರ್ಚಿನ ಸುತ್ತಮುತ್ತ, ರಾಜರಾಜೇಶ್ವರಿ ದೇವಸ್ಥಾನದ ಆಸುಪಾಸು, ಬಿಇಎಂಎಲ್ ಲೇಔಟ್ ಮತ್ತು ಐಡಿಯಲ್ ಹೋಮ್ಸ್‌ನ ಉದ್ಯಾನಗಳ ಅಂಚು, ಕೆಂಚೇನಹಳ್ಳಿ ರಸ್ತೆ. ದಾರಿಹೋಕರನ್ನು ನಂಬಿದ ಹೋಟೆಲಿಗೆ ಇವತ್ತಿನ ಗಿರಾಕಿ ನಾಳೆ ಬರದಿದ್ದರೂ ನಡೆಯುತ್ತದೆ. ಉದ್ಯಾನದ ಗೇಟಿನ ಹೋಟೆಲಿಗೆ ಹಾಗಲ್ಲ. ಅಲ್ಲಿ ವಾಕಿಂಗ್ ಮುಗಿಸಿ ಬರುವ ಅದೇ ಇಪ್ಪತ್ತು ಜನ ದಿನವೂ ಕಾಫಿಯನ್ನು ಪರೀಕ್ಷೆ ಮಾಡುತ್ತಾರೆ, ಕೆಟ್ಟರೆ ಮರುದಿನವೇ ಮುಂದಿನ ಮೂಲೆಗೆ ಹೋಗುತ್ತಾರೆ.

ನಕ್ಷೆಯಲ್ಲಿ ಮೂರು ಬಗೆಯ ಜಾಗಗಳನ್ನು ಬೇರೆ ಬೇರೆಯಾಗಿ ಗುರುತಿಸಿಕೊಳ್ಳಿ: ಕಾಫಿ ಪುಡಿ ಅಂಗಡಿಗಳು, ದರ್ಶಿನಿಗಳು ಮತ್ತು ಕಾಫಿ-ಟೀ ಕೌಂಟರುಗಳು, ಕುಳಿತು ಕುಡಿಯುವ ಕೆಫೆಗಳು. ಮೊದಲು ಹೋಗಬೇಕಾದದ್ದು ಪುಡಿ ಅಂಗಡಿಗೆ.

ಹಂತ 4: ಪುಡಿ ಅಂಗಡಿಯಿಂದ ಶುರು ಮಾಡಿ

ಈ ಹಂತವನ್ನು ಬಿಡಬೇಡಿ. ಬಡಾವಣೆಯ ಕಾಫಿಯ ಗುಟ್ಟು ಗೊತ್ತಿರುವುದು ಇಲ್ಲಿಯವರಿಗೆ.

ಒಳಗೆ ಹೋದ ಕೂಡಲೇ ಮೂಗಿಗೆ ಕೆಲಸ ಕೊಡಿ. ಅಲ್ಲೇ ಹುರಿಯುವ ಅಥವಾ ಎರಡು-ಮೂರು ದಿನಕ್ಕೊಮ್ಮೆ ಹುರಿದ ಬೀಜ ತರಿಸುವ ಅಂಗಡಿಯ ಘಮ ಬಾಗಿಲಿಗೆ ಮೊದಲೇ ಬಂದು ನಿಂತಿರುತ್ತದೆ. ಬೀಜ ನೋಡಿ. ಗಾಜಿನ ಮುಚ್ಚಳದ ಡಬ್ಬಿಗಳಲ್ಲಿ ಒಂದೊಂದು ಬಗೆ ಬೇರೆ ಬೇರೆಯಾಗಿರುತ್ತದೆ: ಪ್ಲಾಂಟೇಷನ್ ಎ, ಪೀಬೆರಿ, ರೋಬಸ್ಟಾ. ಒಂದು ಹಣ್ಣಿನಲ್ಲಿ ಸಾಮಾನ್ಯವಾಗಿ ಎರಡು ಚಪ್ಪಟೆ ಬೀಜ ಇರುತ್ತವೆ. ಒಂದೇ ಬೀಜ ಬಲಿತು ದುಂಡಗಾದರೆ ಅದು ಪೀಬೆರಿ. ಹುರಿದ ಬೀಜ ಒಂದೇ ಹದದ ಕಂದು ಬಣ್ಣದಲ್ಲಿರಬೇಕು. ಕೆಲವು ಕಪ್ಪು, ಕೆಲವು ಪೇಲವ ಇದ್ದರೆ ಹುರಿಯುವಾಗ ಹದ ತಪ್ಪಿದೆ ಎಂದರ್ಥ. ಪುಡಿಯನ್ನು ಮೊದಲೇ ಮಾಡಿ ಡಬ್ಬಿಯಲ್ಲಿ ತುಂಬಿಟ್ಟಿದ್ದಾರೋ, ನೀವು ಕೇಳಿದ ಮೇಲೆ ಯಂತ್ರಕ್ಕೆ ಹಾಕುತ್ತಾರೋ ಗಮನಿಸಿ. ಎದುರಿಗೇ ಪುಡಿ ಮಾಡಿ, ಇನ್ನೂ ಬೆಚ್ಚಗಿರುವ ಪೊಟ್ಟಣವನ್ನು ಕೈಗೆ ಕೊಡುವ ಅಂಗಡಿ ಸಿಕ್ಕಿದರೆ ಅರ್ಧ ಕೆಲಸ ಮುಗಿದಂತೆ.

ಕೇಳಬೇಕಾದ ಪ್ರಶ್ನೆಗಳು ನಾಲ್ಕು.

‘ಇದು ಯಾವತ್ತು ಹುರಿದದ್ದು?’ ಒಳ್ಳೆಯ ಅಂಗಡಿಯವರು ತಡವರಿಸದೆ ದಿನ ಹೇಳುತ್ತಾರೆ.

‘ಚಿಕೋರಿ ಎಷ್ಟು ಹಾಕಿಸಲಿ ಅಂತೀರಿ?’ ಅವರ ಸಲಹೆಯಿಂದ ಆ ಬಡಾವಣೆಯ ಬಹುಮಂದಿಯ ರುಚಿ ತಿಳಿಯುತ್ತದೆ.

‘ಫಿಲ್ಟರಿಗೆ ಎಷ್ಟು ನುಣ್ಣಗೆ?’ ಫಿಲ್ಟರ್ ಕಾಫಿಯ ಪುಡಿ ನುಣುಪಿನ ಕಡೆಗೆ ಇರಬೇಕು, ಹಿಟ್ಟಾಗಬಾರದು. ಹಿಟ್ಟಾದರೆ ತೂತು ಕಟ್ಟಿ ಡಿಕಾಕ್ಷನ್ ಇಳಿಯುವುದಿಲ್ಲ. ದಪ್ಪವಾದರೆ ನೀರು ಸರ್ರನೆ ಇಳಿದು ತೆಳ್ಳಗಾಗುತ್ತದೆ.

‘ಈ ಸುತ್ತಮುತ್ತ ನಿಮ್ಮ ಹತ್ತಿರ ಪುಡಿ ತಗೊಳ್ಳೋ ಹೋಟೆಲ್ ಯಾವುದು? ಎಷ್ಟು ದಿನಕ್ಕೊಂದು ಸಲ ತಗೋತಾರೆ?’ ಇಡೀ ಹುಡುಕಾಟದ ಅತ್ಯಂತ ಮುಖ್ಯ ಪ್ರಶ್ನೆ ಇದೇ. ದಿನ ಬಿಟ್ಟು ದಿನ ಪುಡಿ ಒಯ್ಯುವ ಹೋಟೆಲಿನಲ್ಲಿ ಪುಡಿ ಹಳತಾಗುವುದಕ್ಕೆ ಸಮಯವೇ ಇರುವುದಿಲ್ಲ. ತಿಂಗಳಿಗೊಮ್ಮೆ ಮೂಟೆ ತರಿಸುವಲ್ಲಿ ಕೊನೆಯ ವಾರದ ಕಾಫಿಗೆ ಘಮ ಉಳಿದಿರುವುದಿಲ್ಲ. ಅಂಗಡಿಯವರು ಹೇಳಿದ ಎರಡು-ಮೂರು ಹೆಸರನ್ನು ನಕ್ಷೆಯಲ್ಲಿ ಬರೆದುಕೊಳ್ಳಿ.

ಹೊರಡುವ ಮುಂಚೆ ನೂರು ಗ್ರಾಂ ಪುಡಿ ಕೊಳ್ಳಿ, ಅದಕ್ಕಿಂತ ಹೆಚ್ಚು ಬೇಡ. ಪುಡಿಯಾದ ಕಾಫಿಯ ಘಮ ಗಾಳಿ ತಾಗಿದಷ್ಟೂ ಹೋಗುತ್ತದೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟು ಒಂದೆರಡು ವಾರದೊಳಗೆ ಮುಗಿಸುವುದು ಒಳ್ಳೆಯದು. ಮನೆಯಲ್ಲಿ ಹೀಗೆ ಪರೀಕ್ಷೆ ಮಾಡಿ: ಫಿಲ್ಟರಿನ ಮೇಲಿನ ಪಾತ್ರೆಗೆ 30 ಗ್ರಾಂ ಪುಡಿ ಹಾಕಿ, ಹಗುರವಾಗಿ ಒತ್ತಿ, ಕುದಿ ಬಂದು ಅರ್ಧ ನಿಮಿಷ ಆರಿದ ನೀರನ್ನು ಸುಮಾರು 150 ಮಿಲಿಯಷ್ಟು ನಿಧಾನವಾಗಿ ಸುತ್ತ ಸುರಿಯಿರಿ. ಹೊಸ ಪುಡಿ ನೀರು ಬಿದ್ದೊಡನೆ ಉಬ್ಬಿ ಗುಳ್ಳೆ ಬಿಡುತ್ತದೆ. ಹುರಿದಾಗ ಬೀಜದೊಳಗೆ ಸೇರಿಕೊಂಡ ಇಂಗಾಲದ ಡೈಆಕ್ಸೈಡ್ ಹೊರಗೆ ಬರುವ ಗುರುತು ಅದು. ಸ್ವಲ್ಪವೂ ಉಬ್ಬದೆ ನೀರನ್ನು ಹಾಗೇ ಕುಡಿದುಬಿಟ್ಟರೆ ಪುಡಿ ಹಳೆಯದು. ಮನೆಯ ಈ ಕಾಫಿ ಮುಂದೆ ಹೋಟೆಲಿನ ಕಾಫಿಗಳನ್ನು ಹೋಲಿಸಿ ನೋಡಲು ಅಳತೆಯಾಗುತ್ತದೆ.

ಹಂತ 5: ಸರಿಯಾದ ಹೊತ್ತಿಗೆ ಹೋಗಿ

ಒಂದೇ ಹೋಟೆಲಿನ ಬೆಳಗಿನ ಆರೂವರೆಯ ಕಾಫಿಗೂ ಹನ್ನೊಂದೂವರೆಯ ಕಾಫಿಗೂ ಅಜಗಜಾಂತರ. ಬೆಳಗ್ಗೆ ಮೊದಲ ಡಿಕಾಕ್ಷನ್ ಇಳಿದಿರುತ್ತದೆ, ಹಾಲು ಆಗಷ್ಟೇ ಕಾದಿರುತ್ತದೆ, ಜನ ಹೆಚ್ಚಿರುವುದರಿಂದ ಎರಡೂ ಬೇಗ ಖಾಲಿಯಾಗಿ ಹೊಸದು ಬರುತ್ತಿರುತ್ತದೆ. ಹನ್ನೊಂದರ ನಂತರ ಗಿರಾಕಿಗಳು ಕಡಿಮೆ. ಆ ಹೊತ್ತಿನ ಡಿಕಾಕ್ಷನ್ ಎಷ್ಟೋ ಕಡೆ ಅದೇ ಪುಡಿಗೆ ಎರಡನೇ ಸಲ ನೀರು ಹಾಕಿ ಇಳಿಸಿದ್ದು, ಇಲ್ಲವೇ ಬೆಳಗಿನದನ್ನೇ ಬಿಸಿಯಲ್ಲಿ ಇಟ್ಟಿದ್ದು. ಹೆಚ್ಚು ಹೊತ್ತು ಬಿಸಿಯಲ್ಲಿ ಕೂತ ಡಿಕಾಕ್ಷನ್ನಿನ ಘಮ ಆವಿಯಾಗಿ ಹೋಗಿ ಕಹಿ, ಒಗರು ಉಳಿಯುತ್ತವೆ.

ಮೊದಲ ಭೇಟಿಗೆ ಬೆಳಗ್ಗೆ ಆರರಿಂದ ಎಂಟು, ಸಂಜೆ ನಾಲ್ಕರಿಂದ ಐದೂವರೆ ಒಳ್ಳೆಯ ಹೊತ್ತು. ಒಂದು ಜಾಗ ಹಿಡಿಸಿದ ಮೇಲೆ ಬೇಕೆಂದೇ ಮಧ್ಯಾಹ್ನ ಹನ್ನೆರಡಕ್ಕೆ ಹೋಗಿ ನೋಡಿ. ಆಗಲೂ ಕಾಫಿ ಹದವಾಗಿದ್ದರೆ ಆ ಹೋಟೆಲನ್ನು ನಂಬಬಹುದು.

ಹಂತ 6: ಆರ್ಡರ್ ಮಾಡುವ ಮೊದಲು ಎರಡು ನಿಮಿಷ ನಿಂತು ನೋಡಿ

1980ರ ದಶಕದಲ್ಲಿ ಜಯನಗರದಲ್ಲಿ ಶುರುವಾಗಿ ಬೆಂಗಳೂರು ತುಂಬ ಹಬ್ಬಿದ ದರ್ಶಿನಿಗಳ ದೊಡ್ಡ ಉಪಕಾರವೆಂದರೆ ಕಾಫಿ ಮಾಡುವ ಕೈ ನಮ್ಮ ಕಣ್ಣೆದುರಿಗೇ ಇರುತ್ತದೆ. ಟೋಕನ್ ತೆಗೆದುಕೊಳ್ಳುವ ಮೊದಲು ಕೌಂಟರಿನ ಪಕ್ಕ ನಿಂತುಕೊಳ್ಳಿ.

ಡಿಕಾಕ್ಷನ್ ಎಲ್ಲಿದೆ ನೋಡಿ. ಬಿಸಿನೀರಿನ ಪಾತ್ರೆಯೊಳಗೆ ಇಟ್ಟ ಮುಚ್ಚಿದ ಡಬ್ಬಿಯಲ್ಲಿದ್ದರೆ ಒಳ್ಳೆಯದು. ನೇರ ಉರಿಯ ಮೇಲೆ ಕುದಿಯುತ್ತಿದ್ದರೆ ಆ ಹೊತ್ತಿಗೆ ಕಾಫಿ ಬೇಡ. ಹಾಲಿನ ಮೇಲೆ ದಪ್ಪ ಕೆನೆ ಕಟ್ಟಿ ಅಂಚು ಹಳದಿಯಾಗಿದ್ದರೆ ಅದು ಬಹಳ ಹೊತ್ತಿನಿಂದ ಕಾಯುತ್ತಿದೆ. ಒರೆಸುವ ಬಟ್ಟೆ, ಲೋಟ ತೊಳೆಯುವ ಜಾಗ, ಸಕ್ಕರೆ ಡಬ್ಬಿಯ ಮುಚ್ಚಳ ಇವನ್ನೂ ಒಮ್ಮೆ ನೋಡಿಬಿಡಿ.

ಇನ್ನು ಕೈಯನ್ನು ನೋಡಿ. ಅನುಭವಿ ಕಾಫಿ ಮಾಡುವವರು ಲೋಟಗಳನ್ನು ಸಾಲಾಗಿ ಇಟ್ಟು, ಮೊದಲು ಸಕ್ಕರೆ, ಮೇಲೆ ಡಿಕಾಕ್ಷನ್ ಬಿಡುತ್ತಾರೆ. ಡಿಕಾಕ್ಷನ್ನಿಗೆ ಚಿಕ್ಕ ಅಳತೆಯ ಸೌಟೋ ಲೋಟವೋ ಇರುತ್ತದೆ. ಎಂಟು ಲೋಟಕ್ಕೂ ಒಂದೇ ಮಟ್ಟ ಬರುತ್ತದೆ. ಆಮೇಲೆ ಹಾಲನ್ನು ಮೇಲಿನಿಂದ ಧಾರೆಯಾಗಿ ಬಿಡುತ್ತಾರೆ. ಆ ರಭಸಕ್ಕೇ ಸಕ್ಕರೆ ಕರಗಿ, ನೊರೆ ಎದ್ದು, ಕಾಫಿ ಲೋಟದ ಕಂಠದವರೆಗೆ ಬಂದು ನಿಲ್ಲುತ್ತದೆ. ಬಣ್ಣ ತಿಳಿ ಇಟ್ಟಿಗೆಯ ಕಡೆಗೆ ತಿರುಗುತ್ತದೆ. ಚಿಕೋರಿ ಅತಿಯಾದ ಕಾಫಿಯ ಬಣ್ಣ ಮಂಕಾಗಿ ಕಪ್ಪಿನ ಕಡೆಗೆ ಹೋಗುತ್ತದೆ. ಹಾಲಿಗೆ ನೀರನ್ನು ಧಾರಾಳವಾಗಿ ಬಿಡುತ್ತಿದ್ದರೆ, ಪ್ರತಿ ಲೋಟಕ್ಕೂ ಡಿಕಾಕ್ಷನ್ ಪ್ರಮಾಣ ಬೇರೆಯಾಗುತ್ತಿದ್ದರೆ, ಇವತ್ತಿನ ರುಚಿ ನಾಳೆ ಸಿಗುವ ಭರವಸೆ ಇಲ್ಲ.

ಹಂತ 7: ಬೇಕಾದ್ದನ್ನು ಬಾಯಿಬಿಟ್ಟು ಕೇಳಿ, ರುಚಿ ನೋಡಿ, ಕಾರಣ ಹುಡುಕಿ

ಮೊದಲ ಸಲ ‘ಒಂದು ಕಾಫಿ, ಸ್ಟ್ರಾಂಗು, ಸಕ್ಕರೆ ಕಮ್ಮಿ’ ಎನ್ನಿ. ಸಕ್ಕರೆ ಕಡಿಮೆಯಿದ್ದರೆ ಮಾತ್ರ ಪುಡಿಯ ನಿಜವಾದ ಗುಣ ಗೊತ್ತಾಗುತ್ತದೆ. ಜೊತೆಗೆ ಯಾರಾದರೂ ಇದ್ದರೆ ಬೈ ಟೂ ಹೇಳಿ. ಒಂದೇ ಬೆಳಗ್ಗೆ ಎರಡು ಹೋಟೆಲಿನ ಕಾಫಿ ಹೋಲಿಸಬಹುದು. ತಿಂಡಿಯ ಜೊತೆ ಬೇಡ. ಖಾರದ ಚಟ್ನಿ ತಿಂದ ನಾಲಿಗೆಗೆ ಯಾವ ಕಾಫಿಯೂ ಅಮೃತವೇ.

ಕಾಫಿ ಹಿಡಿಸದಿದ್ದರೆ ‘ಚೆನ್ನಾಗಿಲ್ಲ’ ಎಂದು ಎದ್ದು ಬರುವ ಬದಲು ಕಾರಣ ಗುರುತಿಸಿ. ಸಾಮಾನ್ಯವಾಗಿ ಕಾಣುವವು ಇವು.

ಘಮ ಇಲ್ಲ, ಬರೀ ಕಹಿ: ಡಿಕಾಕ್ಷನ್ ಹಳೆಯದು ಅಥವಾ ಮತ್ತೆ ಕಾಯಿಸಿದ್ದು. ಬೇರೆ ಹೊತ್ತಿನಲ್ಲಿ ಹೋಗಿ ನೋಡಿ.

ಬಣ್ಣ ಕಡು, ರುಚಿ ಸಪ್ಪೆ: ಚಿಕೋರಿ ಜಾಸ್ತಿ. ಹೊತ್ತು ಬದಲಾಯಿಸಿದರೂ ಉಪಯೋಗವಿಲ್ಲ, ಜಾಗ ಬದಲಾಯಿಸಿ.

ನೀರುನೀರು: ಎರಡನೇ ಡಿಕಾಕ್ಷನ್ ಅಥವಾ ತೆಳು ಹಾಲು. ನಂದಿನಿಯ ನೀಲಿ ಪ್ಯಾಕೆಟ್ಟಿನ ಟೋನ್ಡ್ ಹಾಲಿನಲ್ಲಿ ಕೊಬ್ಬು ಶೇ. 3, ಅದಕ್ಕೆ ನೀರನ್ನೂ ಸೇರಿಸಿದರೆ ಎಷ್ಟು ಒಳ್ಳೆಯ ಡಿಕಾಕ್ಷನ್ ಹಾಕಿದರೂ ಮಂದ ಬರುವುದಿಲ್ಲ.

ಹಾಲಿನ ಕಮಟು: ಹಾಲು ಬಹಳ ಹೊತ್ತು ಕುದಿದಿದೆ.

ಕೊನೆಯಲ್ಲಿ ಗಸಿ: ಪುಡಿ ತೀರಾ ನುಣ್ಣಗಾಗಿದೆ ಅಥವಾ ಸೋಸುವ ಬಟ್ಟೆ ಸವೆದಿದೆ. ರುಚಿ ಚೆನ್ನಾಗಿದ್ದರೆ ಇದನ್ನು ಕ್ಷಮಿಸಬಹುದು.

ಹಂತ 8: ಕೆಫೆಗಳನ್ನು ಬೇರೆ ಕಣ್ಣಿನಿಂದ ನೋಡಿ

ಬ್ರಿಗೇಡ್ ರಸ್ತೆಯಲ್ಲಿ 1996ರಲ್ಲಿ ಮೊದಲ ಕೆಫೆ ಕಾಫಿ ಡೇ ಬಾಗಿಲು ತೆರೆದಾಗ ಕೆಫೆ ಎಂದರೆ ಊರಿನ ನಡುವಿಗೆ ಹೋಗಿ ಕೂರುವ ಜಾಗವಾಗಿತ್ತು. ಈಗ ಬಡಾವಣೆಗಳ ಮುಖ್ಯರಸ್ತೆಗಳಲ್ಲೂ ಎಸ್ಪ್ರೆಸೊ ಯಂತ್ರ ಇಟ್ಟ ಕೆಫೆಗಳಿವೆ. ದರ್ಶಿನಿಯ ಕಾಫಿ 20 ರೂಪಾಯಿ ಆಸುಪಾಸಿನಲ್ಲಿದ್ದರೆ ಇಲ್ಲಿಯ ಕ್ಯಾಪುಚಿನೊ 200ರ ಆಸುಪಾಸು. ಅಷ್ಟು ಕೊಡುವಾಗ ನಾವು ಕೊಳ್ಳುತ್ತಿರುವುದು ಕಾಫಿಯನ್ನೋ ಕುರ್ಚಿಯನ್ನೋ ಎಂಬ ಸ್ಪಷ್ಟತೆ ಇರಲಿ. ಎರಡೂ ಬೇಕಾದವೇ. ಮನೆಯಲ್ಲಿ ಜಾಗ ಸಾಲದ ವಿದ್ಯಾರ್ಥಿಗೆ, ಮನೆಯಿಂದ ಕೆಲಸ ಮಾಡುವವರಿಗೆ, ಸ್ನೇಹಿತೆಯ ಜೊತೆ ಎರಡು ಗಂಟೆ ಮಾತಾಡಬೇಕಾದವರಿಗೆ ಬಡಾವಣೆಯಲ್ಲೊಂದು ನೆಮ್ಮದಿಯ ಕುರ್ಚಿ ಸಿಗುವುದು ದೊಡ್ಡ ವಿಷಯ.

ಕಾಫಿಗಾಗಿ ಹೋಗುವುದಾದರೆ ಮೊದಲು ಬೀಜದ ಪ್ಯಾಕೆಟ್ ನೋಡಿ. ಕೆಫೆಯ ಕಪಾಟಿನಲ್ಲಿ ಮಾರಾಟಕ್ಕೆ ಇಟ್ಟಿರುತ್ತಾರೆ. ಅದರ ಮೇಲೆ ಹುರಿದ ದಿನಾಂಕ, ತೋಟ ಅಥವಾ ಪ್ರದೇಶದ ಹೆಸರು, ತಳಿ, ಸಂಸ್ಕರಣೆಯ ಕ್ರಮ ಇದ್ದರೆ ಆ ಕೆಫೆ ಕಾಫಿಯ ವಿಷಯದಲ್ಲಿ ಕಾಳಜಿ ವಹಿಸುತ್ತದೆ ಎನ್ನಬಹುದು. ಹುರಿದು ನಾಲ್ಕೈದು ದಿನದಿಂದ ಸುಮಾರು ಒಂದು ತಿಂಗಳವರೆಗಿನ ಬೀಜ ಒಳ್ಳೆಯದು. ಬಾಬಾಬುಡನ್‌ಗಿರಿ, ಚಿಕ್ಕಮಗಳೂರು ಮತ್ತು ಕೊಡಗಿನ ಅರೇಬಿಕಾಗಳಿಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದೆ. ತಳಿಯ ಜಾಗದಲ್ಲಿ ‘ಎಸ್. 795’ ಎಂದು ಕಂಡರೆ ಅದು ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದಿಂದ ಬಂದ, ನಮ್ಮ ತೋಟಗಳಲ್ಲಿ ವ್ಯಾಪಕವಾಗಿರುವ ಅರೇಬಿಕಾ.

ಆಮೇಲೆ ಯಂತ್ರದ ಹತ್ತಿರ ನಿಲ್ಲಿ. ಪ್ರತಿ ಕಪ್ಪಿಗೂ ಆಗಲೇ ಬೀಜ ಪುಡಿ ಮಾಡುತ್ತಿದ್ದಾರೆಯೇ? ಪುಡಿಯನ್ನು ತೂಗುತ್ತಿದ್ದಾರೆಯೇ? ಸಾಮಾನ್ಯವಾಗಿ 18 ಗ್ರಾಂ ಪುಡಿಯಿಂದ 36 ಗ್ರಾಂನಷ್ಟು ಎಸ್ಪ್ರೆಸೊ ಇಳಿಯುವುದಕ್ಕೆ 25ರಿಂದ 30 ಸೆಕೆಂಡ್ ಬೇಕು. ಹತ್ತೇ ಸೆಕೆಂಡಿನಲ್ಲಿ ಸುರಿದರೆ ಹುಳಿ, ಮುಕ್ಕಾಲು ನಿಮಿಷ ತೊಟ್ಟಿಕ್ಕಿದರೆ ಕಡುಕಹಿ. ಹಾಲಿಗೆ ಹಬೆ ಕೊಡುವಾಗ 60ರಿಂದ 65 ಡಿಗ್ರಿ ಬಿಸಿ ಸಾಕು. ಅದರಾಚೆಗೆ ಹಾಲಿನ ಸಿಹಿ ಹೋಗುತ್ತದೆ. ಫಿಲ್ಟರ್ ಕಾಫಿಯ ಬಿಸಿಗೆ ಒಗ್ಗಿದ ನಮಗೆ ಕ್ಯಾಪುಚಿನೊ ಆರಿದಂತೆ ಅನ್ನಿಸುವುದು ಇದರಿಂದಲೇ. ಅದು ತಪ್ಪಲ್ಲ, ಅದರ ಹದವೇ ಹಾಗೆ.

ಹೊಸಬರು ಆರ್ಡರ್ ಮಾಡುವ ಕ್ರಮ: ಮೊದಲ ಭೇಟಿಯಲ್ಲಿ ಕ್ಯಾಪುಚಿನೊ ಅಥವಾ ಫ್ಲಾಟ್ ವೈಟ್. ಅದು ಹಿಡಿಸಿದರೆ ಎರಡನೇ ಸಲ ಹಾಲಿಲ್ಲದ ಅಮೆರಿಕಾನೊ. ಮೂರನೇ ಸಲ ಪೋರ್ ಓವರ್. ಇದರಲ್ಲಿ ಕಾಗದದ ಫಿಲ್ಟರಿನ ಮೇಲೆ ನಿಧಾನವಾಗಿ ನೀರು ಸುರಿದು ಮೂರು ನಿಮಿಷದಲ್ಲಿ ಒಂದು ಕಪ್ ಇಳಿಸುತ್ತಾರೆ. ಹಾಲು, ಸಕ್ಕರೆ, ಚಿಕೋರಿ ಯಾವುದೂ ಇಲ್ಲದೆ ನಮ್ಮದೇ ಮಲೆನಾಡಿನ ತೋಟದ ಬೀಜದ ರುಚಿ ಹೀಗಿದೆ ಎಂದು ಗೊತ್ತಾಗುವುದು ಇದರಲ್ಲೇ. ಬಿಸಿಯಿರುವಾಗ ಒಂದು ರುಚಿ, ಆರುತ್ತಾ ಬಂದಂತೆ ಇನ್ನೊಂದು. ಅವಸರ ಮಾಡಬೇಡಿ.

ಕುರ್ಚಿಗಾಗಿ ಹೋಗುವುದಾದರೆ ನೋಡಬೇಕಾದ್ದು ಬೇರೆ: ಸಂಗೀತದ ಸದ್ದು, ಪ್ಲಗ್ ಪಾಯಿಂಟು, ಮಧ್ಯಾಹ್ನದ ಜನಸಂದಣಿ, ಶೌಚಾಲಯ, ವಯಸ್ಸಾದವರು ಹತ್ತಬೇಕಾದ ಮೆಟ್ಟಿಲು. ವಾರದ ದಿನ ಬೆಳಗ್ಗೆ ಹತ್ತರಿಂದ ಹನ್ನೆರಡು ಬಡಾವಣೆಯ ಕೆಫೆಗಳು ಸಾಮಾನ್ಯವಾಗಿ ಶಾಂತವಾಗಿರುತ್ತವೆ. ಗಂಟೆಗಟ್ಟಲೆ ಕೂರುವುದಾದರೆ ನಡುವೆ ಇನ್ನೊಂದೇನಾದರೂ ತರಿಸಿಕೊಳ್ಳಿ. ಬಾಡಿಗೆ ಕಟ್ಟಿ ಆ ಜಾಗ ಉಳಿಸಿಕೊಂಡವರಿಗೆ ಅದು ನಾವು ಸಲ್ಲಿಸಬೇಕಾದ ಗೌರವ.

ಹಂತ 9: ಮೂರು ಸಲ ನೋಡಿ, ಬರೆದಿಡಿ

ಒಂದೇ ಭೇಟಿಯಲ್ಲಿ ತೀರ್ಮಾನ ಬೇಡ. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ, ಭಾನುವಾರ ಒಮ್ಮೆ ನೋಡಿ. ಭಾನುವಾರದ ಗದ್ದಲದಲ್ಲೂ ಹದ ತಪ್ಪದಿದ್ದರೆ ಅಲ್ಲಿ ಕ್ರಮಬದ್ಧವಾಗಿ ಕೆಲಸ ಮಾಡುವವರಿದ್ದಾರೆ. ಮೊಬೈಲಿನಲ್ಲಿ ಜಾಗ, ಹೊತ್ತು, ಘಮ, ಮಂದ, ಐದು ನಿಮಿಷದ ನಂತರದ ರುಚಿ ಇಷ್ಟನ್ನು ಒಂದೇ ಸಾಲಿನಲ್ಲಿ ಬರೆದಿಟ್ಟರೆ ಸಾಕು. ತಿಂಗಳ ಕೊನೆಗೆ ನಿಮ್ಮ ಕೈಯಲ್ಲಿ ಇರಬೇಕಾದದ್ದು: ನಂಬಿಕೆಯ ಒಂದು ಪುಡಿ ಅಂಗಡಿ, ಬೆಳಗಿನ ಕಾಫಿಗೆ ಒಂದು ದರ್ಶಿನಿ, ಸಂಜೆಗೆ ಇನ್ನೊಂದು, ಕುಳಿತು ಮಾತಾಡಲು ಒಂದು ಕೆಫೆ. ಒಂದು ಬಡಾವಣೆಗೆ ಇಷ್ಟು ಧಾರಾಳ.

ಹಂತ 10: ಖಾಯಂ ಗಿರಾಕಿಯಾಗಿ

ಒಳ್ಳೆಯ ಕಾಫಿ ಒಮ್ಮೆ ಸಿಕ್ಕಿತೆಂದರೆ ಅದು ಹಾಗೇ ಉಳಿಯುತ್ತದೆ ಎಂಬ ಖಾತ್ರಿ ಇಲ್ಲ. ಬ್ರೆಜಿಲ್ ಮತ್ತು ವಿಯೆಟ್ನಾಂನಲ್ಲಿ ಬೆಳೆಗೆ ಪೆಟ್ಟು ಬಿದ್ದು 2024-25ರಲ್ಲಿ ಜಗತ್ತಿನಾದ್ಯಂತ ಕಾಫಿ ಬೀಜದ ಬೆಲೆ ವಿಪರೀತ ಏರಿತು. 2025ರ ಏಪ್ರಿಲ್ 1ರಿಂದ ನಂದಿನಿ ಹಾಲಿನ ಬೆಲೆ ಲೀಟರಿಗೆ 4 ರೂಪಾಯಿ ಹೆಚ್ಚಿತು. ಇಂಥ ಹೊತ್ತಿನಲ್ಲಿ ಸಣ್ಣ ಹೋಟೆಲಿನ ಮಾಲೀಕರ ಮುಂದಿರುವ ದಾರಿಗಳು ಕೆಲವೇ: ಬೆಲೆ ಏರಿಸುವುದು, ಲೋಟ ಚಿಕ್ಕದು ಮಾಡುವುದು, ಚಿಕೋರಿ ಹೆಚ್ಚಿಸುವುದು, ಹಾಲಿಗೆ ನೀರು ಸೇರಿಸುವುದು. ಗಿರಾಕಿಗೆ ವ್ಯತ್ಯಾಸ ತಿಳಿಯುವುದಿಲ್ಲ ಎಂದು ಅನ್ನಿಸಿದರೆ ಕೊನೆಯ ಎರಡು ದಾರಿ ಸುಲಭ. ಗಿರಾಕಿಗೆ ತಿಳಿಯುತ್ತದೆ ಎಂದು ಗೊತ್ತಿದ್ದರೆ ಅವರು ಬೆಲೆ ಏರಿಸುವ ಧೈರ್ಯ ಮಾಡುತ್ತಾರೆ, ರುಚಿ ಉಳಿಯುತ್ತದೆ.

ಬಡಾವಣೆಯ ಕಾಫಿಯನ್ನು ಕಾಪಾಡುವುದು ಅದನ್ನು ಗಮನಿಸಿ ಕುಡಿಯುವ ಒಂದಿಷ್ಟು ಜನ. ಆದ್ದರಿಂದ ಆಯ್ದುಕೊಂಡ ಜಾಗಕ್ಕೆ ಮತ್ತೆ ಮತ್ತೆ ಹೋಗಿ. ಕಾಫಿ ಮಾಡುವವರ ಹೆಸರು ಕೇಳಿ ತಿಳಿದುಕೊಳ್ಳಿ. ಗುಣಮಟ್ಟ ಉಳಿಸಿಕೊಂಡು ಎರಡು ರೂಪಾಯಿ ಏರಿಸಿದರೆ ಗೊಣಗದೆ ಕೊಡಿ. ಕಾಫಿ ಚೆನ್ನಾಗಿದ್ದ ದಿನ ‘ಇವತ್ತು ಹದವಾಗಿತ್ತು’ ಎಂದು ಅವರಿಗೇ ಹೇಳಿ. ಹದ ತಪ್ಪಿದ ದಿನ, ನಾಲ್ಕು ಜನರ ಎದುರು ಬೇಡ, ಕೌಂಟರಿನ ಹತ್ತಿರ ಹೋಗಿ ‘ಡಿಕಾಕ್ಷನ್ ಬೆಳಗಿನದಾ?’ ಎಂದು ಮೆಲ್ಲಗೆ ಕೇಳಿ. ಬಹಳ ಸಲ ಆ ಪ್ರಶ್ನೆಗೆ ಉತ್ತರವಾಗಿ ಹೊಸ ಡಿಕಾಕ್ಷನ್ನಿನ ಲೋಟವೊಂದು ಬರುತ್ತದೆ, ಮರುದಿನದಿಂದ ಉಳಿದವರಿಗೂ ಅದೇ ಸಿಗುತ್ತದೆ.